ಅವ್ಯಕ್ತಕ್ಕೊಂದು ಹೆಸರು



ಪ್ರೌಢಶಾಲೆಯ ಮಕ್ಕಳಿರುವ ಮನೆಯಲ್ಲಿ ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಎಂತಹದೆಂಬುದನ್ನು ನಾನು ವರ್ಣಿಸಬೇಕಾದುದಿಲ್ಲ. ‘ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದು ತಂದೆ ತೀರ್ಪು ಕೊಡುವರು. ಹುಡುಗನೂ ಅದನ್ನು ನಂಬಿಬಿಡುವನು. ಈ ತೀರ್ಪು ಬಹುಮಟ್ಟಿಗೆ ಅನ್ಯಾಯವಾದುದೆಂದು ಅರಿಕೆ ಮಾಡುವುದೇ ಈ ಭಾಷಣದ ಉದ್ದೇಶ.

ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಬೆಳಗಾವಿಗೂ ಖಾನಾಪುರಕ್ಕೂ ನಡುವೆ ರಸ್ತೆಯ ದೂರ ಸುಮಾರು 26 ಕಿಲೋಮೀಟರು. ಬೆಳಿಗ್ಗೆ 6 ಗಂಟೆಗೆ ಒಬ್ಬನು ಬೆಳಗಾವಿಯಿಂದ ಬೈಸಿಕಲ್ಲನ್ನೇರಿ ಗಂಟೆಗೆ 12 ಕಿಲೋಮೀಟರಿನಂತೆ ಹೊರಡುವನು. ಅರ್ಧ ಗಂಟೆ ಕಳೆದ ಮೇಲೆ ಇನ್ನೊಬ್ಬನು ಖಾನಾಪುರದಿಂದ ಗಂಟೆಗೆ 8 ಕಿಲೋಮೀಟರಿನಂತೆ ಎದುರಾಗಿ ಬರುವನು. ಇವರು ಎಷ್ಟು ಹೊತ್ತಿಗೆ, ಎಲ್ಲಿ ಸಂಧಿಸುವರು?

ನಮ್ಮ ಹುಡುಗನು 12ಕ್ಕೆ 8ನ್ನು ಕೂಡಿಸಿ, ಬಂದ 20ರಿಂದ 26ನ್ನು ಭಾಗಿಸಿ, ‘7 ಗಂಟೆ 18 ನಿಮಿಷಕ್ಕೆ’ ಎನ್ನುವನು. ಕೂಡಿಸಿದುದೂ ಸರಿ, ಭಾಗಿಸಿದುದೂ ಸರಿ. ಉತ್ತರ ಮಾತ್ರ ತಪ್ಪು. ಏಕೆಂದರೆ ಆ ಹೊತ್ತಿಗೆ ಮೊದಲನೆಯವನು 15.6 ಕಿಲೋಮೀಟರು ಬಂದಿರುವನು. ಎರಡನೆಯವನು 48 ನಿಮಿಷ ಮಾತ್ರ ನಡೆಸಿರುವುದರಿಂದ 6.4 ಕಿಲೋಮೀಟರು ಬಂದಿರುವನು. ಇಬ್ಬರ ನಡುವೆ ಇನ್ನೂ 4 ಕಿಲೋಮೀಟರು ಉಳಿದಿದೆ! ಹುಡುಗನು ಎಡವಿದುದು ಗಣಿತದಲ್ಲಲ್ಲ; ‘ಅರ್ಧ ಗಂಟೆ ಕಳೆದ ಮೇಲೆ’ ಎಂಬ ನಾಲ್ಕು ಮಾತುಗಳಲ್ಲಿ.

ನಮ್ಮ ಪ್ರಾಚೀನ ಗಣಿತಜ್ಞರು ತಿಳಿಯದ ಮೊತ್ತವನ್ನು ‘ಅವ್ಯಕ್ತ’ವೆಂದು ಕರೆದು, ‘ಯಾವತ್ ತಾವತ್’ ಎಂಬುದರ ಮೊದಲಕ್ಷರವಾದ ‘ಯಾ’ ಎಂಬುದನ್ನು ಅದರ ಗುರುತಾಗಿ ಇಟ್ಟರು. ನಾವೂ ಹಾಗೆಯೇ ಮಾಡೋಣ. ‘ಯಾ’ ಎಂದರೆ 6 ಗಂಟೆಯಿಂದ ಭೇಟಿಯವರೆಗೆ ಕಳೆದ ಗಂಟೆಗಳು. ಮೊದಲನೆಯವನು ಬಂದ ದೂರ ‘ಯಾ’ದ 12 ಮಡಿ, ಎರಡನೆಯವನು ಬಂದುದು, ‘ಯಾ’ದಲ್ಲಿ ಅರ್ಧ ಕಳೆದು ಉಳಿದುದರ 8 ಮಡಿ. ಎರಡೂ ಸೇರಿ 26. ಆದುದರಿಂದ ‘ಯಾ’ದ 20 ಮಡಿ 30, ‘ಯಾ’ ಒಂದೂವರೆ. ಅವರು 7½ ಗಂಟೆಗೆ, ಬೆಳಗಾವಿಯಿಂದ 18 ಕಿಲೋಮೀಟರಿನಲ್ಲಿ, ಖಾನಾಪುರಕ್ಕೆ 8 ಕಿಲೋಮೀಟರು ಇರುವಂತೆಯೇ ಸಂಧಿಸುವರು. ಹೆಸರನ್ನು ಸರಿಯಾಗಿ ಇಟ್ಟೊಡನೆ ಸಮೀಕರಣವು ತಾನಾಗಿಯೇ ಬಿಚ್ಚಿಕೊಂಡಿತು.

ಖಾನಾಪುರದ ಸೀಮೆಯಲ್ಲಿ ಒಂದು ಮನೆಯ ಮಾತು ಕನ್ನಡವಾದರೆ ಇನ್ನೊಂದರದು ಮರಾಠಿ, ಮತ್ತೊಂದರದು ಕೊಂಕಣಿ. ಮನೆಯ ಮಾತೊಂದು, ಪುಸ್ತಕದ ಮಾತೊಂದು ಆದಾಗ ಮಗುವು ಲೆಕ್ಕಕ್ಕೆ ಮುಂಚೆ ಭಾಷೆಯನ್ನೇ ಬಿಡಿಸಬೇಕಾಗುವುದು. ಕನ್ನಡದ ಮನೆಯ ಮಗುವಿಗೂ ಪಠ್ಯಪುಸ್ತಕದ ಕನ್ನಡ ಅರ್ಧ ಪರಭಾಷೆಯೇ ಅಲ್ಲವೆ? ಆದಕಾರಣ ಲೆಕ್ಕವನ್ನು ಮೊದಲು ತನ್ನ ಮನೆಯ ಮಾತಿನಲ್ಲಿ ಕಥೆಯಂತೆ ಹೇಳಲು ಅದಕ್ಕೆ ಅವಕಾಶ ಕೊಡತಕ್ಕದ್ದು.

ರೇಖಾಗಣಿತಕ್ಕೂ ಇದೇ ನ್ಯಾಯ ಸಲ್ಲುವುದು. ಬೆಳಗಾವಿಯ ಕೋಟೆಯ ಸುತ್ತ ಕಂದಕವಿದೆ. ಅದನ್ನು ದಾಟದೆಯೇ ಅದರ ಅಗಲವನ್ನು ಅಳೆಯಬಹುದೆ? ಅಳೆಯಬಹುದು. ದಡವು ನೇರವಾಗಿರುವಲ್ಲಿ, ಆಚೆಯ ಅಂಚಿನ ಒಂದು ಮರಕ್ಕೆ ನೆಟ್ಟಗೆ ಎದುರಾಗಿ ನಿಲ್ಲಿರಿ. ದಡದುದ್ದಕ್ಕೂ 20 ಹೆಜ್ಜೆ ನಡೆದು ಒಂದು ಕೋಲನ್ನು ನೆಡಿರಿ. ಮತ್ತೆ 20 ಹೆಜ್ಜೆ ನಡೆಯಿರಿ. ಅಲ್ಲಿಂದ ಕಂದಕಕ್ಕೆ ಬೆನ್ನು ಮಾಡಿ, ಕೋಲೂ ಮರವೂ ಒಂದೇ ಸಾಲಿನಲ್ಲಿ ಕಾಣುವವರೆಗೆ ನೇರವಾಗಿ ಹೋಗಿರಿ. ಹೀಗೆ ಹೋದ ದೂರವೇ ಕಂದಕದ ಅಗಲ. ಎರಡು ಕೋನಗಳೂ ಒಂದು ಭುಜವೂ ಸಮವಾದರೆ ತ್ರಿಕೋನಗಳು ಸಮವೆಂಬ ಪ್ರಮೇಯವನ್ನು ಹೀಗೆ ಕಾಲಿನಿಂದ ಕಲಿತವನು ಮರೆಯಲಾರನು.

ಇದು ಹೊಸ ಮಾತೇನೂ ಅಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದನು. ಗಣಿತವು ಜನರ ಮಾತಿನಲ್ಲಿ ನಿಲ್ಲಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಂದು ರಾತ್ರಿ ನಿಮ್ಮ ಮಗುವು ತಪ್ಪು ಉತ್ತರವನ್ನು ತಂದರೆ, ದಯಮಾಡಿ ತೀರ್ಪನ್ನು ಕೊಡಬೇಡಿರಿ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದೇ ಪ್ರಶ್ನೆಯನ್ನು ಕೇಳಿರಿ: ‘ನಿನ್ನ ಯಾ ಎಂದರೆ ಏನು, ಮಗು?’