ಒಪ್ಪಿಕೊಳ್ಳೋದು ಅಂದ್ರೆ ಸಹಿ ಹಾಕೋದಲ್ಲ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೂ, ಅಡುಗೆಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ನಮಸ್ಕಾರ.

ನಾನು ಹಾಸನದಲ್ಲಿ ಬೆಳಗ್ಗೆ ಹೊತ್ತು ಯೋಗ ಹೇಳಿಕೊಡ್ತೀನಿ. ಗಂಡನ ಮನೆ ಹೊಳೆನರಸೀಪುರ. ತವರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಕ್ಲಾಸಿನ ಕೊನೇಲಿ ಎಲ್ಲರನ್ನೂ ಶವಾಸನದಲ್ಲಿ ಮಲಗಿಸಿ, "ಬಂದದ್ದನ್ನ ಬಂದ ಹಾಗೆ ಒಪ್ಪಿಕೊಳ್ಳಿ" ಅಂತ ಹೇಳ್ತಿದ್ದೆ. ವರ್ಷಗಟ್ಟಲೆ ಹೇಳಿದ್ದೀನಿ. ಆ ಮಾತಿನ ಅರ್ಥ ನನಗೇ ಸರಿಯಾಗಿ ಗೊತ್ತಿರಲಿಲ್ಲ ಅಂತ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ.

ಅಪ್ಪನ ವರ್ಷದ ಕಾರ್ಯ ಮುಗಿದ ವಾರಕ್ಕೆ ಅಣ್ಣ ಫೋನ್ ಮಾಡಿದ. "ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸ್ ಹತ್ರ ಬಾ. ಆಧಾರ್ ತಗೊಂಡು ಬಾ. ಒಂದು ಸಹಿ ಅಷ್ಟೇ." ಹೋದೆ. ಕಾಗದದ ಮೇಲೆ 'ಹಕ್ಕು ಬಿಡುಗಡೆ ಪತ್ರ' ಅಂತ ಇತ್ತು. ತಾತನ ಕಾಲದಿಂದ ಬಂದ ಮೂರು ಎಕರೆ ಹೊಲ, ನಾವು ಆಲೂಗಡ್ಡೆ ಬೆಳೀತಿದ್ದ ಹೊಲ. ಅವ್ವ ಪಕ್ಕದಲ್ಲೇ ನಿಂತು, "ಹಾಕ್ಬಿಡವ್ವ, ತವರು ಅನ್ನೋದು ಉಳಿಯುತ್ತೆ" ಅಂದ್ಳು.

ಪೆನ್ನು ಕೈಲಿತ್ತು. ಉಸಿರು ಎದೆ ದಾಟಿ ಕೆಳಗೆ ಇಳೀಲೇ ಇಲ್ಲ. "ಈಗ ಬೇಡ ಕಣಣ್ಣ" ಅಂದು ಪೆನ್ನು ಕೆಳಗಿಟ್ಟೆ. ಅಣ್ಣ ಏನೂ ಮಾತಾಡಲಿಲ್ಲ, ಬೈಕ್ ಹತ್ತಿ ಹೋದ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ.

ನೆಂಟರು ಸುಮ್ನಿರ್ತಾರಾ? "ಊರಿಗೆಲ್ಲಾ ಯೋಗ ಹೇಳ್ಕೊಡ್ತಾಳೆ, ಜಮೀನಿನ ಆಸೆ ಬಿಟ್ಟಿಲ್ಲ" ಅಂದ್ರು. ನಿಜ ಹೇಳ್ಬೇಕು ಅಂದ್ರೆ, ರಾತ್ರಿ ಮಲಗಿದಾಗ ನನಗೂ ಹಾಗೇ ಅನ್ನಿಸ್ತಿತ್ತು. ಸಂತೋಷ, ಅಂದ್ರೆ ಇರೋದ್ರಲ್ಲಿ ತೃಪ್ತಿ ಅಂತ ಪಾಠ ಮಾಡೋಳು ನಾನು. ಹಾಗಾದ್ರೆ ಸಹಿ ಹಾಕಬೇಕಿತ್ತಾ?

ಕಾನೂನು ಏನು ಹೇಳುತ್ತೆ ಅಂತ ನನಗೆ ಗೊತ್ತಿತ್ತು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆದ್ರೆ ನನ್ನ ಪ್ರಶ್ನೆ ಕೋರ್ಟಿನದ್ದಲ್ಲ, ಮನಸ್ಸಿನದ್ದು.

ಒಂದಿನ ಪತಂಜಲಿಯ ಯೋಗಸೂತ್ರ ತೆಗೆದು ಕೂತೆ. ಎಷ್ಟೋ ಸಲ ಓದಿದ್ದೇ. ಅಷ್ಟಾಂಗದಲ್ಲಿ ಮೊದಲನೆಯದು ಯಮ, ಎರಡನೆಯದು ನಿಯಮ. ಯಮದಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಬರುತ್ತೆ. ಸಂತೋಷ ಬರೋದು ಅದಾದ ಮೇಲೆ, ನಿಯಮದಲ್ಲಿ. ಅಂದ್ರೆ ಮೊದಲು ನೋಯಿಸಬೇಡ, ಸುಳ್ಳಾಡಬೇಡ, ಇನ್ನೊಬ್ಬರದ್ದನ್ನ ತಗೋಬೇಡ. ಆಮೇಲೆ ಇರೋದ್ರಲ್ಲಿ ತೃಪ್ತಿಯಾಗಿರು. ನಾವು ಹೆಣ್ಣುಮಕ್ಕಳಿಗೆ ಮೊದಲ ಮೆಟ್ಟಿಲನ್ನ ಬಿಟ್ಟು ನೇರವಾಗಿ ಎರಡನೇ ಮೆಟ್ಟಿಲಿಗೆ ಹತ್ತಿಸ್ತಿದ್ದೀವಿ ಅಲ್ವಾ? ಮನಸ್ಸಲ್ಲಿ "ಇಲ್ಲ" ಅಂತಿರುವಾಗ ಕೈ "ಹೂಂ" ಅಂತ ಬರೆದ್ರೆ, ಅಲ್ಲಿ ಸತ್ಯ ಎಲ್ಲಿದೆ?

ಇದಕ್ಕೆ ನಮ್ಮ ಹಾಸನದ್ದೇ ಒಂದು ಉದಾಹರಣೆ ಇದೆ. ಇಲ್ಲೇ ಪಕ್ಕದ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿದವರು ಕೆ. ಪಟ್ಟಾಭಿ ಜೋಯಿಸ್. 1927ರಲ್ಲಿ, ಹನ್ನೆರಡು ವರ್ಷದ ಹುಡುಗ ಹಾಸನದಲ್ಲಿ ಟಿ. ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ ಅವರ ಶಿಷ್ಯನಾದ. ಮುಂದೆ ಮೈಸೂರಿನಲ್ಲಿ ನೆಲೆಸಿ ಅಷ್ಟಾಂಗ ವಿನ್ಯಾಸ ಯೋಗವನ್ನ ಜಗತ್ತಿಗೇ ಹಬ್ಬಿಸಿದ. ನಮಗೆ ಅದು ಹೆಮ್ಮೆ. ಆದ್ರೆ ಅವರು 2009ರಲ್ಲಿ ತೀರಿಕೊಂಡ ಮೇಲೆ, ಆಸನ ಸರಿಪಡಿಸುವ ನೆಪದಲ್ಲಿ ಅನುಚಿತವಾಗಿ ಮುಟ್ಟುತ್ತಿದ್ದರು ಅಂತ ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಆ ನೋವಿಗೆ ಸಾರ್ವಜನಿಕವಾಗಿ ವಿಷಾದ ಹೇಳಿದರು. ಆ ಹೆಣ್ಣುಮಕ್ಕಳು ಮಾತಾಡಿದ್ರಿಂದ ಯೋಗ ಸಣ್ಣದಾಗಲಿಲ್ಲ. 'ಒಪ್ಪಿಕೋ' ಅನ್ನೋ ಮಾತನ್ನ ಬಾಯಿ ಮುಚ್ಚಿಸೋಕೂ ಬಳಸಬಹುದು ಅಂತ ನಮ್ಮಂಥ ಹೇಳಿಕೊಡೋರಿಗೆ ಗೊತ್ತಾಯ್ತು.

ಹಾಗಂತ ಪೆನ್ನು ಕೆಳಗಿಟ್ಟು ನಾನು ಗೆದ್ದೆ ಅಂತಲೂ ಅಲ್ಲ. ಕೋಪ ಹಾಗೇ ಇತ್ತು.

ಹೋದ ವರ್ಷ ಕ್ಲಾಸಿನವರ ಜೊತೆ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಮೇಲೆ ಹತ್ತಿದ್ರೆ ಸುಮಾರು 58 ಅಡಿಯ ಬಾಹುಬಲಿ, ಸಾವಿರ ವರ್ಷದಿಂದ ನಿಂತಿದ್ದಾನೆ. ಆ ಭಂಗಿಗೆ ಕಾಯೋತ್ಸರ್ಗ ಅಂತಾರೆ. ಕಾಯ ಅಂದ್ರೆ ದೇಹ, ಉತ್ಸರ್ಗ ಅಂದ್ರೆ ಬಿಡೋದು. ನೋಡೋಕೆ ನಾವು ಮಾಡೋ ತಾಡಾಸನದ ಹಾಗೇ ನೇರ.

ಕಥೆ ನಿಮಗೆ ಗೊತ್ತು. ಅಣ್ಣ ಭರತನ ಜೊತೆ ರಾಜ್ಯಕ್ಕಾಗಿ ಯುದ್ಧ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆದ್ದ. ಗೆದ್ದು, ಬಿಟ್ಟು, ತಪಸ್ಸಿಗೆ ನಿಂತ. ಬಳ್ಳಿ ಸುತ್ತಿಕೊಳ್ತು, ಹುತ್ತ ಬೆಳೀತು. ಆದ್ರೂ ಜ್ಞಾನ ಸಿಗಲಿಲ್ಲ. ಯಾಕೆ? ಜನ ಹೇಳೋ ಕಥೇಲಿ, 'ನಾನು ನಿಂತಿರೋದು ಅಣ್ಣನ ನೆಲದ ಮೇಲೆ' ಅನ್ನೋ ಮುಳ್ಳು ಒಳಗೇ ಉಳಿದಿತ್ತು. ಭರತ ತಾನೇ ಬಂದು ನಮಸ್ಕರಿಸಿದ ಮೇಲೆ ಅದು ಹೋಯ್ತು.

ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟೇ. ಅವನು ಬಿಟ್ಟದ್ದು ತನ್ನ ಕೈಲಿದ್ದದ್ದನ್ನ, ತಾನಾಗಿ. ಅಂಥವನಿಗೂ ಮುಳ್ಳು ಉಳಿದಿತ್ತು. ಇನ್ನು ಹೆದರಿ ಸಹಿ ಹಾಕಿದ್ರೆ ನನ್ನೊಳಗೆ ಎಷ್ಟು ಮುಳ್ಳು ಉಳೀತಿತ್ತು! ಜೊತೆಗೆ, ಮುಳ್ಳು ಹೋಗಬೇಕು ಅಂದ್ರೆ ಯಾರಾದ್ರೂ ಒಬ್ಬರು ಮೊದಲು ನಡೆದು ಬರಬೇಕು.

ಬೆಟ್ಟ ಇಳಿದು ಎಳನೀರು ಕುಡಿದು ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ. "ಅಣ್ಣ, ನಾನು ಸಹಿ ಹಾಕಲ್ಲ. ಆದ್ರೆ ನೀನು ಬೇಡ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ" ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಎರಡು ಲಕ್ಷ ಸಾಲ ಇದೆ ಕಣೇ ಆ ಹೊಲದ ಮೇಲೆ" ಅಂದ. ಅದು ನನಗೆ ಗೊತ್ತೇ ಇರಲಿಲ್ಲ. ನಾನೂ ಅವನನ್ನ ಕೇಳಿರಲಿಲ್ಲ.

ಜಮೀನಿನ ವಿಷಯ ಇನ್ನೂ ಮುಗಿದಿಲ್ಲ. ಪಾಲಿನ ಜೊತೆ ಸಾಲವನ್ನೂ ಹಂಚಿಕೊಳ್ಳೋ ಲೆಕ್ಕ ನಡೀತಿದೆ, ಆಗಾಗ ಜಗಳವೂ ನಡೀತಿದೆ. ಆದ್ರೆ ಈ ಸಲ ಗೌರಿ ಹಬ್ಬದ ಹಿಂದಿನ ದಿನ ಫೋನ್ ಬಂತು. "ಆಲೂಗಡ್ಡೆ ಕಿತ್ತಾಯ್ತು. ಒಂದು ಮೂಟೆ ಬಸ್ಸಿಗೆ ಹಾಕ್ತೀನಿ, ಹೊಳೆನರಸೀಪುರದಲ್ಲಿ ಇಳಿಸ್ಕೋ." ಮೂಟೆ ಬಿಚ್ಚಿದ್ರೆ ಆಲೂಗಡ್ಡೆ ಮೇಲೆ ಒಂದು ಪ್ಲಾಸ್ಟಿಕ್ ಕವರಲ್ಲಿ ಅರಿಶಿನ, ಕುಂಕುಮ, ಬಳೆ. ಅತ್ತಿಗೆ ಕಟ್ಟಿಕೊಟ್ಟಿದ್ದು.

ಈಗ ಕ್ಲಾಸಿನಲ್ಲಿ ನಾನು "ಬಂದದ್ದನ್ನ ಒಪ್ಪಿಕೊಳ್ಳಿ" ಅನ್ನಲ್ಲ. "ಏನಾಗ್ತಿದೆಯೋ ಅದನ್ನ ಮೊದಲು ಇರೋ ಹಾಗೆ ನೋಡಿ" ಅಂತೀನಿ. ನೀವೂ ಒಂದು ಮಾಡಿ. ಯಾರಾದ್ರೂ ಏನನ್ನಾದ್ರೂ ಒಪ್ಪಿಕೋ ಅಂದಾಗ ಮೂರು ಸಲ ನಿಧಾನವಾಗಿ ಉಸಿರಾಡಿ. ಉಸಿರು ಹೊಟ್ಟೆವರೆಗೂ ಇಳೀತಿಲ್ಲ ಅಂದ್ರೆ, "ಸ್ವಲ್ಪ ಟೈಮ್ ಕೊಡಿ" ಅನ್ನಿ. ಆಮೇಲೆ, ಆ ಮನುಷ್ಯನಿಗೆ ಫೋನ್ ಮಾಡೋದನ್ನ ಮಾತ್ರ ಮರೀಬೇಡಿ. ನನ್ನ ಹಾಗೆ ಎರಡು ವರ್ಷ ಕಾಯಬೇಡಿ.