ನಲ್ಲಿಯ ಕೆಳಗೆ ಹದಿನೇಳು ಗುರಿ



ಬಣ್ಣಬಣ್ಣದ 17 ಚೌಕಗಳ ಚಿತ್ರಪಟವೊಂದನ್ನು ನೀವು ಶಾಲೆಯ ಗೋಡೆಯ ಮೇಲೋ ಸರ್ಕಾರಿ ಕಚೇರಿಯಲ್ಲೋ ನೋಡಿರಬಹುದು. ಮೊದಲನೆಯದು ಕೆಂಪು, ಬಡತನ ನೀಗಲು. ಆರನೆಯದು ನೀಲಿ, ಶುದ್ಧ ನೀರಿಗೆ. ಇವು ಸುಸ್ಥಿರ ಅಭಿವೃದ್ಧಿ ಗುರಿಗಳು. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 2015ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡವು; 2030ರೊಳಗೆ ಮುಟ್ಟಬೇಕು. ಗುರಿ 17, ಅವುಗಳ ಹೊಟ್ಟೆಯೊಳಗೆ ಉಪಗುರಿ 169. ಈ ಪಟ್ಟಿಯನ್ನು ಒಂದನೇ ತರಗತಿಯ ಮಗು ಮಗ್ಗಿಯ ಹಾಗೆ ಗಡಗಡನೆ ಒಪ್ಪಿಸಿದರೆ ಸಮಾರಂಭದಲ್ಲಿ ಚಪ್ಪಾಳೆ ಬೀಳುತ್ತದೆ. ಮಗುವಿಗೆ ದಕ್ಕುವುದೂ ಅಷ್ಟೇ.

ಹಾಗಂತ ಪುಟ್ಟ ಮಕ್ಕಳಿಗೆ ಇದೆಲ್ಲ ಬೇಡವೆಂದಲ್ಲ. ಸುಸ್ಥಿರ ಬದುಕಿಗೆ ಬೇಕಾದ ತಿಳಿವಳಿಕೆ ಕಲಿಯುವವರೆಲ್ಲರಿಗೂ ಸಿಗಬೇಕೆಂದು ಶಿಕ್ಷಣದ ಗುರಿಯಲ್ಲೇ, ಅಂದರೆ ನಾಲ್ಕನೆಯದರಲ್ಲೇ ಹೇಳಿದೆ. ಆದರೆ ಆರು ವರ್ಷದ ಮಗುವಿಗೆ 2030 ಎಂದರೂ ಒಂದೇ, 3020 ಎಂದರೂ ಒಂದೇ. ಅದಕ್ಕೇ ಪಟವನ್ನು ಗೋಡೆಗೆ ಬಿಟ್ಟು, ಮಕ್ಕಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ.

ವಾಷರ್ ಸವೆದು ತೊಟ್ಟಿಕ್ಕುವ ನಲ್ಲಿ ಹುಡುಕುವುದೇನೂ ಕಷ್ಟವಲ್ಲ. ಅದರ ಕೆಳಗೆ ಅರ್ಧ ಲೀಟರಿನ ಅಳತೆ ಪಾತ್ರೆ ಇಡಿಸಿ. ಒಂದು ಪೀರಿಯಡ್ಡು ಮುಗಿಯುವಷ್ಟರಲ್ಲಿ, 40 ನಿಮಿಷಕ್ಕೆ, ಅದು ತುಂಬಿತು ಎನ್ನಿ. ನಾಲ್ಕನೇ ತರಗತಿಯವರು ಲೆಕ್ಕ ಹಾಕಲಿ: ರಾತ್ರಿ ಹಗಲು ಸೇರಿ 18 ಲೀಟರ್. ಚಿಕ್ಕವರಿಗೆ ಲೆಕ್ಕ ಬೇಡ. ಅಷ್ಟೂ ನೀರನ್ನು ಬಕೆಟ್ಟಿಗೆ ಸುರಿದು, ಎತ್ತಿ ನೋಡಿ ಎನ್ನಿ. ಇಬ್ಬರು ಸೇರಿದರೂ ಏದುಸಿರು ಬರುತ್ತದೆ. ಆಮೇಲೆ ಆ ನೀರು ಶಾಲೆಯ ಗಿಡಗಳಿಗೆ.

ಇಲ್ಲೊಂದು ಎಚ್ಚರಿಕೆ ಬೇಕು. ಬೆಳಗ್ಗೆ ಬೋರ್‌ವೆಲ್ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಂತು ಬಂದ ಹುಡುಗಿಗೆ ನೀರಿನ ಮಹತ್ವ ಬೋಧಿಸಲು ಹೊರಡಬೇಡಿ. ನಮಗಿಂತ ಅವಳಿಗೇ ಅದು ಚೆನ್ನಾಗಿ ಗೊತ್ತು. ಅಂಥ ಊರಿನ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: “ನಿಮ್ಮನೇಲಿ ನೀರು ತರೋದು ಯಾರು?” ಅಮ್ಮ, ಅಕ್ಕ, ಅಜ್ಜಿ, ನಾನು ಎಂದು ಕೈಗಳು ಏಳುತ್ತವೆ. “ಅಣ್ಣ ಯಾಕೆ ತರಲ್ಲ?” ಯಾವ ಮಗುವೂ ಕೇಳದಿದ್ದರೆ ಮೇಷ್ಟ್ರೇ ಕೇಳಲಿ. ಅಲ್ಲಿಗೆ ನೀರಿನ ಪಾಠ ಹೆಣ್ಣು ಗಂಡಿನ ಸಮಾನತೆಗೆ, ಐದನೆಯ ಗುರಿಗೆ, ಬಂದು ನಿಂತಿತು. ನೀರಿಗೆ ನಿಂತು ಅಕ್ಕ ಶಾಲೆಗೆ ತಡವಾಗಿ ಬಂದಿದ್ದರೆ ನಾಲ್ಕನೆಯದೂ ಸೇರಿತು. ಗುರಿಗಳನ್ನು ಬಿಡಿಬಿಡಿಯಾಗಿ ನೋಡಬಾರದು ಎಂದು ವಿಶ್ವಸಂಸ್ಥೆ ಹೇಳುವುದೂ ಇದನ್ನೇ.

ಬಿಸಿಯೂಟದ ನಂತರ ತಟ್ಟೆಯಲ್ಲಿ ಉಳಿದ ಅನ್ನವನ್ನು ಒಟ್ಟು ಮಾಡಿ ತೂಗಿಸುವುದೂ ಒಳ್ಳೆಯ ಪಾಠವೇ; ಅಂಗಡಿ, ಮನೆಗಳಲ್ಲಿ ಆಹಾರ ಪೋಲಾಗುವುದನ್ನು ಅರ್ಧಕ್ಕೆ ಇಳಿಸಬೇಕೆಂದು ಹನ್ನೆರಡನೆಯ ಗುರಿಯಲ್ಲಿದೆ. ಆದರೆ ಅನ್ನ ಬಿಟ್ಟವರ ಹೆಸರು ಕೂಗಬೇಡಿ.

ಇನ್ನು ಹವಾಮಾನ ಬದಲಾವಣೆ. ಉರಿಯುವ ಭೂಗೋಳದ ಚಿತ್ರ ತೋರಿಸಿ “ನೀವೇ ಕಾಪಾಡಬೇಕು ಮಕ್ಕಳೇ” ಎನ್ನುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮಾತು ಕೊಟ್ಟವರು ಸರ್ಕಾರಗಳು; ಹೊರೆ ಹೊರಬೇಕಾದವರು ದೊಡ್ಡವರು. ಮಕ್ಕಳಿಗೆ ಕಲಿಸಬೇಕಾದ್ದು ನೋಡುವುದನ್ನು, ಅಳೆಯುವುದನ್ನು, ಆಮೇಲೆ ಧೈರ್ಯವಾಗಿ ಕೇಳುವುದನ್ನು.

ಕೇಳಲು ಕರ್ನಾಟಕದಲ್ಲಿ ಜಾಗವೂ ಉಂಟು. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಶೌಚಾಲಯಕ್ಕೆ ಚಿಲಕವಿಲ್ಲ, ಕಾಂಪೌಂಡಿಲ್ಲ, ಕುಡಿಯುವ ನೀರಿಲ್ಲ ಎಂದು ಅಧ್ಯಕ್ಷರನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೂ ಮಕ್ಕಳು ಮುಖಾಮುಖಿ ಕೇಳಬಹುದು. ನಲ್ಲಿಯ ಲೆಕ್ಕ ಬರೆದ ಚೀಟಿ ಅಲ್ಲಿಗೆ ಹೋಗಲಿ.

ನಿಮ್ಮ ಪಂಚಾಯಿತಿಯಲ್ಲಿ ಈ ವರ್ಷದ ಸಭೆ ಯಾವಾಗ ಎಂದು ವಿಚಾರಿಸಿ. ಮಕ್ಕಳ ಜೊತೆ ನೀವೂ ಹೋಗಿ ಕೂತುಕೊಳ್ಳಿ. ಹೋದ ವರ್ಷ ಅವರು ಕೇಳಿದ್ದರಲ್ಲಿ ಏನೇನು ಆಯಿತೆಂದು ಮೊದಲು ಓದಿ ಹೇಳಿಸಿ. ಹೊಸ ಭರವಸೆ ಆಮೇಲೆ.