ಎಡೆದೊರೆಯ ಮಿತ್ರಕೂಟ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವರು ಮಸ್ಕಿಯನ್ನು ಹಾದೇ ಹೋಗಬೇಕು. ಲಿಂಗಸುಗೂರಿನಿಂದ ಇನ್ನಷ್ಟು ಮುಂದೆ ಮುದಗಲ್ಲಿನ ಕೋಟೆಯಿದೆ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಈ ದಾರಿಯಲ್ಲಿ ಓಡಾಡುವಾಗಲೆಲ್ಲ ನನ್ನನ್ನೊಂದು ಪ್ರಶ್ನೆ ಕಾಡುತ್ತದೆ: ನೆರೆಯವನ ಬಲಕ್ಕೆ ಹೆದರಿ ಒಂದುಗೂಡಿದವರು ಎಷ್ಟು ಕಾಲ ಒಂದಾಗಿರಬಲ್ಲರು?

1565ರ ಯುದ್ಧವೆಂದರೆ ಸುಲ್ತಾನರೆಲ್ಲ ಒಮ್ಮನಸ್ಸಿನಿಂದ ವಿಜಯನಗರವನ್ನು ಕೆಡವಿದ ಕಥೆಯೆಂದು ನಾವು ಬಾಲ್ಯದಲ್ಲಿ ತಿಳಿದಿದ್ದೆವು. ಆ ಒಮ್ಮನಸ್ಸೇ ಇರಲಿಲ್ಲ. ಬಿಜಾಪುರದ ಅಲಿ ಆದಿಲಶಾಹನು ಮೊದಲು ರಾಮರಾಯನ ಮಿತ್ರ. ಇಬ್ಬರೂ ಕೂಡಿಯೇ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನು ಪಟ್ಟವೇರುವ ಮೊದಲು ವಿಜಯನಗರದಲ್ಲಿ ಆಶ್ರಯ ಪಡೆದವನು. ಸೊಲ್ಲಾಪುರದ ಕೋಟೆಗಾಗಿ ಬಿಜಾಪುರಕ್ಕೂ ಅಹಮದ್‌ನಗರಕ್ಕೂ ಹಳೆಯ ಹಗೆ. ರಾಮರಾಯನು ಇಂದು ಒಬ್ಬನ, ನಾಳೆ ಮತ್ತೊಬ್ಬನ ಪಕ್ಷ ಹಿಡಿದು ತನ್ನ ಗಡಿಯನ್ನು ಬೆಳೆಸುತ್ತ ಬಂದನು. ಆತನನ್ನು ತಡೆಯಬೇಕೆಂಬ ಬಯಕೆ ಹಲವರಲ್ಲಿತ್ತು. ಆದರೆ ಪಕ್ಕದವನನ್ನು ನಂಬುವ ಧೈರ್ಯ ಯಾರಲ್ಲಿಯೂ ಇರಲಿಲ್ಲ.

ಕೊನೆಗೆ ಆ ನಂಬಿಕೆಯನ್ನು ಮದುವೆಗಳ ಮೂಲಕ ಕಟ್ಟಬೇಕಾಯಿತು. ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿ ಸೊಲ್ಲಾಪುರವನ್ನು ಬಳುವಳಿಯಾಗಿ ತಂದು ಅಲಿಯ ಕೈಹಿಡಿದಳು. ಅಲಿಯ ತಂಗಿ ಹುಸೇನನ ಸೊಸೆಯಾದಳು. ಬೀದರವೂ ಸೇರಿತು. ಬೇರಾರ ಮಾತ್ರ ದೂರವೇ ಉಳಿಯಿತು. ಬಳಿಕ ಅಲಿಯು ರಾಯಚೂರು, ಮುದಗಲ್ಲುಗಳನ್ನು ಹಿಂದಿರುಗಿಸಬೇಕೆಂದು ರಾಮರಾಯನಲ್ಲಿಗೆ ದೂತನನ್ನು ಕಳುಹಿಸಿದನೆಂದೂ, ರಾಮರಾಯನು ಅವನನ್ನು ಅವಮಾನಿಸಿ ಅಟ್ಟಿದನೆಂದೂ ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ.

ರಾಮರಾಯನು ರಣದಲ್ಲಿ ಮಡಿದನು. ಎಡೆದೊರೆಯ ಕೋಟೆಗಳು ಅಲಿಗೆ ದಕ್ಕಿದವು. ಅಂಜಿಕೆ ತೊಲಗಿದೊಡನೆ ಮೈತ್ರಿಯ ಗಂಟೂ ಸಡಿಲಿತು. ಅಲಿಯು ಇನ್ನೂ ದಕ್ಷಿಣಕ್ಕೆ ಕೈ ಚಾಚಿದಾಗ ರಾಮರಾಯನ ತಮ್ಮ ತಿರುಮಲನು ಮೊರೆಹೋದದ್ದು ಅಹಮದ್‌ನಗರಕ್ಕೆ. ಹುಸೇನನು ಅಷ್ಟರಲ್ಲಿ ತೀರಿಕೊಂಡಿದ್ದನು. ಅವನ ವಿಧವೆಯೇ ಬಿಜಾಪುರದ ಮೇಲೆ ಸೈನ್ಯ ನಡೆಸಿ ಬೀಗನನ್ನು ಹಿಮ್ಮೆಟ್ಟಿಸಿದಳು. ದೂರ ನಿಂತ ಬೇರಾರವೂ ಉಳಿಯಲಿಲ್ಲ. 1574ರಲ್ಲಿ ಅಹಮದ್‌ನಗರ ಅದನ್ನು ನುಂಗಿತು. 1619ರಲ್ಲಿ ಬೀದರವನ್ನು ಬಿಜಾಪುರ ನುಂಗಿತು. 1686ರಲ್ಲಿ ಬಿಜಾಪುರವೂ ಮರುವರ್ಷ ಗೋಲ್ಕೊಂಡವೂ ಮೊಗಲರ ಪಾಲಾದವು.

ಇದು ಅಂದಿನವರ ದೌರ್ಬಲ್ಯವೆಂದು ನಾವು ನಗುವಂತಿಲ್ಲ. 1949ರ ಉತ್ತರ ಅಟ್ಲಾಂಟಿಕ್ ಒಡಂಬಡಿಕೆಯ 5ನೆಯ ಕಲಮು ಒಬ್ಬರ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದು ಬಗೆಯುತ್ತದೆ. ಆದರೆ ನೆರವು ಎಷ್ಟು, ಹೇಗೆ ಎಂಬುದನ್ನು ಆಯಾ ದೇಶದ ವಿವೇಚನೆಗೇ ಬಿಡುತ್ತದೆ. ಭಿನ್ನಾಭಿಪ್ರಾಯಕ್ಕೆ ಬಾಗಿಲು ಅಲ್ಲಿಯೂ ತೆರೆದೇ ಇದೆ.

ಕೋಟೆಯ ಒಡೆಯರು ಬದಲಾದಂತೆ ಎಡೆದೊರೆಯ ರೈತನಿಂದ ಕಂದಾಯ ಪಡೆಯುವ ಕೈ ಬದಲಾಯಿತು. ಕೊಡುವ ಕೈ ಬದಲಾಗಲಿಲ್ಲ. ಯುದ್ಧವನ್ನು ಧರ್ಮದ ಹೆಸರಿನಲ್ಲಿ ನೆನೆಯುವ ನಾವು ಆ ಕೈಯನ್ನು ಮರೆತಿದ್ದೇವೆ. ಮಸ್ಕಿಯ ಬಂಡೆಯ ಮೇಲೆ ಅಶೋಕನು, ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಲ್ಲುತ್ತದೆಂದು ಬರೆಸಿದನು. ಆ ಬಂಡೆಯ ಪಕ್ಕದಲ್ಲಿಯೇ ಎಷ್ಟೋ ದಂಡುಗಳು ಹಾದುಹೋಗಿರಬೇಕು. ನಿಂತು ಓದಿದವರು ಮಾತ್ರ ವಿರಳವೆಂದು ತೋರುತ್ತದೆ.